ಗುರುಶಾಂತಪ್ಪನವರ ಎಡಗಣ್ಣು

ಡ್ರಾಯಿಂಗ್ ಮೇಷ್ಟರ ಕೆಲಸಕ್ಕೆ ಸೇರುವವರು ಮೊದಲು ಕಲಿಯಬೇಕಾದ ವಿದ್ಯೆಯೆಂದರೆ ಹೆಡ್‌ಮೇಷ್ಟರ ಮನೆಯ ಬಾಗಿಲಿಗೆ ಹಸಿರು ಬಣ್ಣ ಬಳಿಯುವುದು. ನೆರಳು ಬೆಳಕು, ದೂರ ಹತ್ತಿರ, ಅಳತೆ ಗಿಳತೆ ಎಲ್ಲ ಆಮೇಲೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಏಳು ಬಾಗಿಲು, ಎರಡು ತೊಟ್ಟಿಲು, ಒಂದು ಕಮಾನುಗಾಡಿಗೆ ಬಣ್ಣ ಬಳಿದಿದ್ದೇನೆ. ಇನ್‌ಸ್ಪೆಕ್ಟರು ಬರುವ ದಿನ ಗೇಟಿನ ಮೇಲೆ 'ಸುಸ್ವಾಗತ' ಬರೆದದ್ದಂತೂ ಎಷ್ಟು ಸಲವೋ. ಇದರ ಸಂದಿನಲ್ಲಿ ಚಿತ್ರವನ್ನೂ ಬರೆದೆ. ಬರೆ ಎಂದು ಯಾರೂ ಹೇಳಲಿಲ್ಲ. ಬೇಡ ಎಂದವರೂ ಕಡಿಮೆ, ಏಕೆಂದರೆ ನೋಡಿದವರೇ ಕಡಿಮೆ.

ಹೋದ ತಿಂಗಳು ನನ್ನ ಜಾಗಕ್ಕೆ ಹೊಸ ಮೇಷ್ಟರು ಬಂದರು. ಒಳ್ಳೆಯ ತರುಣ, ಇಸ್ತ್ರಿ ಮಾಡಿದ ಕೋಟು. ಕೆಲಸ ಹೇಗಿರುತ್ತದೆ ಎಂದು ಕೇಳಿದರು. ಒಂದು ಲೋಟ ಕಾಫಿಯಲ್ಲಿ ಹೇಳಿ ಮುಗಿಸುವಂಥದ್ದಲ್ಲ ಎಂದೆ. ನನಗೀಗ ಐವತ್ತೈದು. ಹಲ್ಲೆಲ್ಲ ಗಟ್ಟಿಯಾಗಿವೆ, ಸರ್ಕಾರ ಮಾತ್ರ ಸಾಕು ಎಂದಿದೆ. ಬಿಡುವಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಹಾಸನದಲ್ಲಿ ಕೆಲಸಕ್ಕೆ ಸೇರಿದ ದಿನ ಶಾಲೆಯ ಡ್ರಾಯಿಂಗ್ ಸಾಮಾನೆಂದು ನನ್ನ ವಶಕ್ಕೆ ಕೊಟ್ಟದ್ದು ಮೂರು ವಸ್ತು: ಮರದ ಒಂದು ಚೌಕ, ಮರದ ಒಂದು ಗೋಪುರ, ಒಂದು ಮಣ್ಣಿನ ಹೂಜಿ. ವಾರ ಕಳೆಯುವುದರೊಳಗೆ ಹೂಜಿ ಹೆಡ್‌ಮೇಷ್ಟರ ಮನೆ ಸೇರಿ ತಣ್ಣಗೆ ನೀರು ತುಂಬಿಸಿಕೊಂಡಿತು. ಅದರ ಬದಲಿಗೆ ನಾನು ದಿನಾ ಮನೆಯಿಂದ ಎರಡು ಬದನೆಕಾಯಿ ಒಯ್ಯುತ್ತಿದ್ದೆ. ಹಗಲೆಲ್ಲ ಮೇಜಿನ ಮೇಲೆ ಕೂತು ಬರೆಸಿಕೊಂಡ ಬದನೆಕಾಯಿ ರಾತ್ರಿ ನಮ್ಮ ಸಾರಿಗೆ ಬೀಳುತ್ತಿತ್ತು. ನಮ್ಮಾಕೆ ಸಾರಿಗೆ ಸೀಮೆಸುಣ್ಣದ ರುಚಿ ಬರುತ್ತದೆ ಎನ್ನುತ್ತಿದ್ದಳು. ಇರಬಹುದು.

ನನಗೆ ಬದನೆಕಾಯಿಯ ಮೇಲೆ ದ್ವೇಷವಿಲ್ಲ. ಆದರೆ ನನಗೆ ಬೇಕಿದ್ದದ್ದು ಮುಖ. ಎದುರಿಗೆ ಕೂತು ಉಸಿರಾಡುವ, ಜೀವಂತ ಮುಖ. ಅದನ್ನು ನಿಧಾನವಾಗಿ ನೋಡಿ, ಎಣ್ಣೆಬಣ್ಣದಲ್ಲಿ ಬರೆಯಬೇಕು. ಚಿಕ್ಕಂದಿನಿಂದ ಇದೊಂದೇ ಹುಚ್ಚು. ನಮ್ಮ ಸೀಮೆಯಲ್ಲಿ ಇದಕ್ಕೆ ಇದ್ದ ಅಡ್ಡಿಯೂ ಒಂದೇ. ಬರೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಜನ ನಂಬಿದ್ದರು. ಹೆಂಡತಿಯನ್ನು ಕೇಳಿದರೆ ಮೊರ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ಕನ್ನಡಿ ಇಟ್ಟುಕೊಂಡು ನನ್ನನ್ನೇ ಬರೆದುಕೊಂಡೆ. ನಮ್ಮವ್ವ ಆ ಕಾಗದಕ್ಕೆ ದೃಷ್ಟಿ ನಿವಾಳಿಸಿ, ಮೂರು ಸಲ ಥೂ ಎಂದು, ಒಲೆಗೆ ಹಾಕಿದಳು. ಆವತ್ತಿನ ಮುದ್ದೆ ನನ್ನ ಮುಖದ ಉರಿಯಲ್ಲೇ ಬೆಂದದ್ದು.

ಸ್ವಲ್ಪ ವರ್ಷಕ್ಕೆ ಹಾಸನಕ್ಕೆ ಫೋಟೋ ಸ್ಟುಡಿಯೋ ಬಂತು. ಜನ ಅಂಚಿನ ಪಂಚೆ ಉಟ್ಟು ಹೋಗಿ ಸಾಲುಗಟ್ಟಿ ನಿಂತರು. ಆಗ ಆಯಸ್ಸಿನ ಚಿಂತೆ ಇಲ್ಲವೇ ಎಂದು ನಮ್ಮ ಹೆಡ್‌ಮೇಷ್ಟರನ್ನು ಕೇಳಿದೆ. ಕ್ಯಾಮೆರಾ ಒಂದು ಚಿಟಿಕೆಯಲ್ಲಿ ಮುಗಿಸುತ್ತದೆ, ಹೋದರೆ ಒಂದು ಚಿಟಿಕೆಯಷ್ಟು ಆಯಸ್ಸು ಹೋದೀತು, ನೀವು ನಾಲ್ಕು ದಿನ ಕೂರಿಸಿಕೊಳ್ಳುತ್ತೀರಲ್ಲ ಎಂದರು. ಅವರು ಗಣಿತದ ಬಿ.ಎ.

ಹೀಗಾಗಿ ನನ್ನ ಪಾಲಿಗೆ ಉಳಿದವರು ಸತ್ತವರು. ಅವರಿಗೆ ಆಯಸ್ಸಿನ ಭಯವಿಲ್ಲ.

ಮೊದಲನೆಯದು ಅರಕಲಗೂಡಿನಲ್ಲಿ. ಅಲ್ಲಿಗೆ ವರ್ಗವಾಗಿ ಹೋದ ವರ್ಷವೇ ಹತ್ತಿರದ ಹಳ್ಳಿಯ ಪಟೇಲರೊಬ್ಬರು ತೀರಿಕೊಂಡರು. ತಿಂಗಳಾದ ಮೇಲೆ ಮನೆಯವರು ಬಂದು ಗೋಡೆಗೆ ಹಾಕಲು ಒಂದು ಪಟ ಬೇಕೆಂದರು. ಮುಖ ಹೇಗಿತ್ತು ಎಂದರೆ ಒಬ್ಬರು ಗುಂಡಗೆ ಎಂದರು, ಇನ್ನೊಬ್ಬರು ಗಂಭೀರವಾಗಿ ಎಂದರು, ಮಗಳು ಅಳಲು ಶುರುಮಾಡಿದಳು. ಮೂರು ದಿನವಾದರೂ ಮೂಗಿನ ವಿಷಯ ಇತ್ಯರ್ಥವಾಗಲಿಲ್ಲ. ಕೊನೆಗೆ ಎಲ್ಲರೂ ಒಪ್ಪಿದ ಮಾತು, ತಮ್ಮ ಥೇಟು ಅಣ್ಣನ ಹಾಗೆಯೇ ಇದ್ದಾನೆ ಎಂಬುದು. ನಾನು ತಮ್ಮನ ಎದುರು ಎಲೆ ಹಾಕಿಸಿಕೊಂಡು ಕೂತು, ಊಟ ಮಾಡುತ್ತ ಮಾಡುತ್ತ ಕದ್ದು ನೋಡಿ, ಮನೆಗೆ ಬಂದು ಬರೆದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಪಟ ಗೋಡೆಗೇರಿತು. ಹೂವಿನ ಹಾರ, ಊದುಬತ್ತಿ, ಕುಂಕುಮ. ಕೆಳಗೆ ತಮ್ಮ ಜೀವಂತ ಕೂತಿದ್ದಾನೆ, ಮೇಲೆ ಅವನೇ ಹಾರ ಹಾಕಿಸಿಕೊಂಡಿದ್ದಾನೆ. ಬಂದವರೆಲ್ಲ ಮೇಲೆ ನೋಡುವುದು, ಕೆಳಗೆ ನೋಡುವುದು. ಮಾರನೆಯ ಬೆಳಿಗ್ಗೆ ಅವನು ನಮ್ಮ ಜಗಲಿಯ ಮೇಲೆ ಪ್ರತ್ಯಕ್ಷನಾದ. ಇಪ್ಪತ್ತು ವರ್ಷದ ಗಿರಿಜಾಮೀಸೆಯನ್ನು ನುಣ್ಣಗೆ ಬೋಳಿಸಿಕೊಂಡು ಬಂದಿದ್ದ.

"ನಾನು ಬೇರೆ ಆಗಿವ್ನಿ ಕಣ್ ಸಾ. ಆ ಪಟದಲ್ಲಿರೋನಿಗೂ ನಂಗೂ ಇನ್ ಸಂಬಂಧ ಇಲ್ಲ ಅಂತ ಒಂದ್ ಮಾತು ಮನೇಲಿ ಯೋಳ್ಬುಡಿ" ಎಂದ.

ಹೇಳಿದೆ. ಆದರೂ ಅವನಿಗೆ ಒಂದು ವಾರ ಜ್ವರ ಬಂತು. ಅರಕಲಗೂಡಿನಲ್ಲಿದ್ದಷ್ಟು ಕಾಲವೂ, ನಾನು ಬೀದಿಯಲ್ಲಿ ಬರುವುದು ಕಂಡರೆ ಜನ ಟವೆಲ್ ಎಳೆದು ಮುಖ ಒರೆಸಿಕೊಳ್ಳುವವರಂತೆ ಮಾಡುತ್ತಿದ್ದರು.

ಚನ್ನರಾಯಪಟ್ಟಣದಲ್ಲಿ ಕಳೆದ ಮೂರು ವರ್ಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿಯ ಹೆಡ್‌ಮೇಷ್ಟರ ಮನೆಗೆ ಬಾಗಿಲು ಬಹಳ.

ಮುಂದಿನದು ಹೊಳೆನರಸೀಪುರ. ಯುದ್ಧ ಶುರುವಾಗಿ ಬಣ್ಣ ಸಿಗುವುದು ನಿಂತಿತ್ತು. ಬಿಳಿಗೆ ಔಷಧದಂಗಡಿಯಿಂದ ಸತುವಿನ ಪುಡಿ ತಂದು ಗಾಣದ ಅಗಸೆ ಎಣ್ಣೆಯಲ್ಲಿ ಅರೆಯುತ್ತಿದ್ದೆ. ಕಪ್ಪಿಗೆ ಲಾಟೀನಿನ ಮಸಿ. ಕೆಂಪು ಮಾತ್ರ ಒಂದು ಕೊಳವೆಯಲ್ಲಿ ಬೆರಳುದ್ದ ಉಳಿದಿತ್ತು, ಅದನ್ನು ತುಟಿಗೆ, ಕಣ್ಣಿನ ಕೊನೆಗೆ ಎಂದು ಜೋಪಾನ ಮಾಡಿದ್ದೆ. ಬ್ರಷ್ಷು ಸವೆದು ಅದರ ಕೂದಲು ನನ್ನ ತಲೆಯ ಕೂದಲಿಗಿಂತ ಕಡಿಮೆಯಾಗಿತ್ತು.

ಅಲ್ಲಿ ಜವಳಿ ಅಂಗಡಿಯ ಗುರುಶಾಂತಪ್ಪನವರೆಂದರೆ ದೊಡ್ಡ ಹೆಸರು. ನಾನು ಊರಿಗೆ ಹೊಸಬ, ಹೆಸರು ಕೇಳಿದ್ದೆನೇ ಹೊರತು ಮುಖ ಕಂಡಿರಲಿಲ್ಲ. ಒಂದು ಬೆಳಿಗ್ಗೆ ಅವರ ಹಿರಿಯ ಮಗ ಶಿವಲಿಂಗಪ್ಪ ತರಗತಿಯ ಬಾಗಿಲಿಗೇ ಬಂದರು. ಅಪ್ಪಾಜಿ ಲಿಂಗೈಕ್ಯರಾಗಿದ್ದಾರೆ, ಕೂರಿಸಿದ್ದೇವೆ, ಮಧ್ಯಾಹ್ನಕ್ಕೆ ಮಣ್ಣು, ಅಷ್ಟರಲ್ಲಿ ಬಂದು ಮುಖ ಬರೆದುಕೊಳ್ಳಿ ಎಂದರು. ಅವರಲ್ಲಿ ತೀರಿಕೊಂಡವರನ್ನು ವಿಭೂತಿ ಧರಿಸಿ, ರುಮಾಲು ಸುತ್ತಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಚಿತ್ರ ಬರೆಯುವವನಿಗೆ ಅದಕ್ಕಿಂತ ಬೇರೆ ಏನು ಬೇಕು?

ರಜಾ ಕೇಳಿದಾಗ ಹೆಡ್‌ಮೇಷ್ಟರು, ತೀರಿಕೊಂಡವರು ನಿಮಗೆ ಏನಾಗಬೇಕು ಎಂದರು. ಮಾಡೆಲ್ ಆಗಬೇಕು ಸಾರ್ ಎಂದೆ. ಅರ್ಧ ದಿನ ಕೊಟ್ಟರು.

ತೊಟ್ಟಿಯ ಪಡಸಾಲೆಯಲ್ಲಿ ಅವರನ್ನು ಕೂರಿಸಿದ್ದರು. ಭಜನೆ ನಡೆದಿತ್ತು. ನಾನು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಪೆನ್ಸಿಲ್ ತೆಗೆದೆ. ಎರಡು ಗಂಟೆ ಒಂದು ಕೂದಲಿನಷ್ಟೂ ಅಲುಗಾಡದ ಮುಖ. ಆದರೆ ನೊಣಗಳಿಗೆ ಅದು ಹೇಗೋ ಗೊತ್ತಾಗುತ್ತದೆ. ಅವರ ಮೂಗಿನ ಮೇಲೇ ಬಂದು ಕೂರುತ್ತಿದ್ದವು. ಕಂಬದ ಪಕ್ಕ ಕೂತಿದ್ದ ಅವರ ಹೆಂಡತಿ ಗಂಗಮ್ಮನವರು ಬೀಸಣಿಗೆ ಹಿಡಿದು, ಅಳುತ್ತಲೇ, ನನ್ನ ಕೈಗೆ ಅಡ್ಡವಾಗದ ಹಾಗೆ ಕಾದು ಕಾದು ಓಡಿಸುತ್ತಿದ್ದರು. ಆ ಎರಡು ಗಂಟೆ ನಾವಿಬ್ಬರೂ ಒಂದೇ ಮುಖವನ್ನು ನೋಡಿದೆವು.

ಕಣ್ಣು ಮುಚ್ಚಿತ್ತು. ಅದು ನನಗೆ ತೊಡಕಲ್ಲ. ಮುಚ್ಚಿದ ರೆಪ್ಪೆಯ ಮೇಲೆ ಅಳತೆ ಹಿಡಿದು, ಆಮೇಲೆ ಚಿತ್ರದಲ್ಲಿ ಕಣ್ಣು ತೆರೆಸುವುದು ನನಗೆ ರೂಢಿಯಾಗಿತ್ತು. ಪಟಕ್ಕೆ ಬಟ್ಟೆಯನ್ನು ಅವರ ಅಂಗಡಿಯಿಂದಲೇ ಕೊಟ್ಟರು. ಬಟ್ಟೆಗೆ ಕಂಟ್ರೋಲು ಬಂದಿದ್ದ ದಿನಗಳು. ಊರಿನವರಿಗೆ ಪಂಚೆಗೆ ಸಿಗದ ಬಟ್ಟೆ ಗುರುಶಾಂತಪ್ಪನವರ ಮುಖಕ್ಕೆ ಸಿಕ್ಕಿತು. ಎರಡು ತಿಂಗಳು ಶಾಲೆಯಿಂದ ಬಂದು, ಬೆಳಕು ಹೋಗುವವರೆಗೆ ಬರೆದೆ. ಕಣ್ಣು ತೆರೆಸಿದೆ. ನೇರ, ತೀಕ್ಷ್ಣ, ಎದುರಿಗೆ ಬಂದವರನ್ನು ತಡೆದು ನಿಲ್ಲಿಸುವಂಥ ಕಣ್ಣು. ಇಷ್ಟು ಒಳ್ಳೆಯ ಕಣ್ಣು ನಾನು ಅದುವರೆಗೆ ಬರೆದಿರಲಿಲ್ಲ.

ತೋರಿಸಿದೆ. ಮನೆಯವರೆಲ್ಲ ಬಂದು ಪಟದ ಸುತ್ತ ನಿಂತರು.

ಶಿವಲಿಂಗಪ್ಪ ಕೆಮ್ಮಿ, ಚೆನ್ನಾಗಿದೆ ಮೇಷ್ಟ್ರೆ, ಆದರೆ ಏನೋ ಒಂದು ಎಂದರು. ಅವರ ತಮ್ಮ, ಮೂಗು ಇರಬಹುದು ಎಂದರು. ಮೂಗು ತಿದ್ದಿದೆ. ಕಿವಿ ಇರಬಹುದು ಎಂದರು. ಕಿವಿ ತಿದ್ದಿದೆ. ರುಮಾಲು ಇಷ್ಟು ಮೇಲೆ ಸುತ್ತುತ್ತಿರಲಿಲ್ಲ ಎಂದರು. ರುಮಾಲು ಬಿಚ್ಚಿ ಮತ್ತೆ ಸುತ್ತಿದೆ. ಹೀಗೇ ಎಂಟು ತಿಂಗಳು. ಕೊನೆಗೆ ಗಂಗಮ್ಮನವರು ಒಳಗಿನಿಂದ ಬಂದು ಪಟದ ಎದುರು ನಿಂತರು. ಎಡಕ್ಕೆ ಸರಿದು ನೋಡಿದರು, ಬಲಕ್ಕೆ ಸರಿದು ನೋಡಿದರು.

"ಇವ್ರು ಯಾರೋ ದೊಡ್ಡ ಮನುಷ್ಯರು ಕಣಪ್ಪ ಮೇಷ್ಟ್ರೆ. ಎಲ್ಲಿ ನಿಂತ್ರೂ ನೋಡ್ತಾರೆ, ಯಾರು ನಿಂತ್ರೂ ನೋಡ್ತಾರೆ. ನಮ್ಮೋರು ಹಂಗೆ ಕಂಡಕಂಡೋರನ್ನ ನೋಡೋರಲ್ಲ" ಎಂದರು. ಗುರುತಿಲ್ಲದವರ ಪಟಕ್ಕೆ ಹೂವಿಡಲು ತನ್ನಿಂದಾಗದು ಎಂದೂ ಹೇಳಿ ಒಳಗೆ ಹೋದರು.

ವರ್ಷದ ಆರಾಧನೆಗೆ ಎರಡೇ ತಿಂಗಳಿತ್ತು. ಅಂದು ಪಟ ಇಟ್ಟು ಪೂಜೆಯಾಗಬೇಕು. ಹೆಂಡತಿಯೇ ಹೂವಿಡುವುದಿಲ್ಲ ಎಂದ ಮೇಲೆ ಅದು ಎಂಥ ಪಟ? ಮನೆಗೆ ಬಂದು ನಮ್ಮಾಕೆಗೆ ಹೇಳಿದೆ: ಇದೂ ಕೈಹತ್ತದಿದ್ದರೆ ಬಣ್ಣದ ಪೆಟ್ಟಿಗೆ ಅಟ್ಟಕ್ಕೆ ಹಾಕುತ್ತೇನೆ, ಇನ್ನು ಬದನೆಕಾಯಿಯೇ ಗತಿ. ಅವಳು, ಹಾಗಾದರೆ ಎಳೆಯ ಕಾಯಿ ನೋಡಿ ತನ್ನಿ ಎಂದಳು.

ಹೊಸ ಮೇಷ್ಟರು ಇಲ್ಲೊಂದು ಮಾತು ನೆನಪಿಡಬೇಕು. ಮುಖದ ವಿಷಯ ತಿಳಿಯಬೇಕಾದರೆ ಬಂಧುಗಳನ್ನು ಕೇಳಬಾರದು, ಕ್ಷೌರದವರನ್ನು ಕೇಳಬೇಕು. ನನಗಿದು ತಲೆಗೆ ಹೊಳೆದದ್ದಲ್ಲ, ಗಡ್ಡ ಬೆಳೆದದ್ದರಿಂದ ತಿಳಿದದ್ದು. ಮುದ್ದಯ್ಯ ನನ್ನ ಗಲ್ಲಕ್ಕೆ ನೀರು ಹಚ್ಚುತ್ತ, ಜವಳಿ ಅಂಗಡಿ ಶೆಟ್ಟರ ಪಟ ಏನಾಯಿತು ಎಂದು ಕೇಳಿದ. ಮೂವತ್ತು ವರ್ಷ ಅವರಿಗೆ ಕ್ಷೌರ ಮಾಡಿದವನು ಅವನೇ. ನನ್ನ ಕಷ್ಟ ಹೇಳಿಕೊಂಡೆ. ಅವನು ಕತ್ತಿ ಮಡಿಸಿ ಕೆಳಗಿಟ್ಟ, ನಗುವಾಗ ಕತ್ತಿ ಹಿಡಿಯಬಾರದೆಂಬ ಜ್ಞಾನವಿದ್ದವನು.

"ಕಣ್ಣ ಎರಡನ್ನೂ ಎದ್ರಿಗೆ ಬರ್ದ್ರಾ ಸಾ? ಎಡಗಣ್ಣು ಮಾಲುಗಣ್ಣಲ್ವರಾ. ಬಲಗಣ್ಣು ನನ್ನ ಕತ್ತಿ ನೋಡ್ತಿದ್ರೆ ಎಡಗಣ್ಣು ಆ ಕಡೆ ಬೀದೀಲಿ ಓಗೋರ ಲೆಕ್ಕ ಇಡ್ತಿತ್ತು. ಅದಕ್ಕೇ ಅಲ್ವಾ ಅವ್ರು ಪೋಟ ತೆಗೆಸ್ಕಳ್ದೇ ಇದ್ದುದ್ದು."

ಅರ್ಧ ಗಡ್ಡದಲ್ಲೇ ಎದ್ದು ಹೊರಟೆ.

ಇಡೀ ಊರಿಗೆ ಗೊತ್ತಿದ್ದ ಸಂಗತಿ. ಮನೆಯವರು ಎಂಟು ತಿಂಗಳು ನನ್ನ ಕೈಲಿ ಮೂಗು ಕಿವಿ ರುಮಾಲು ತಿದ್ದಿಸಿದರೇ ಹೊರತು ಕಣ್ಣು ಎಂಬ ಶಬ್ದ ಬಾಯಿಂದ ಬರಲಿಲ್ಲ. ಹಿರಿಯರ ಊನ ಎತ್ತಿ ಆಡಬಾರದು, ಸತ್ತವರದ್ದಂತೂ ಸಲ್ಲ. ಅದು ಮರ್ಯಾದೆ. ಆ ಮರ್ಯಾದೆಯಲ್ಲಿ ನಾನು ಬೆಂದುಹೋಗಿದ್ದೆ.

ಶಿವಲಿಂಗಪ್ಪನವರ ಅಂಗಡಿಗೆ ಹೋಗಿ ಮೆಲ್ಲಗೆ ವಿಷಯ ತೆಗೆದೆ. ಅವರು ಸುತ್ತ ನೋಡಿ, ನನ್ನನ್ನು ಬಟ್ಟೆಯ ಥಾನುಗಳ ಹಿಂದಕ್ಕೆ ಕರೆದೊಯ್ದರು. ಮಗಳಿಗೆ ಶಾಂತಿಗ್ರಾಮದ ಕಡೆಯಿಂದ ಸಂಬಂಧ ಬಂದಿದೆ, ಆರಾಧನೆಗೆ ಹುಡುಗನ ತಾತನೇ ಬರುತ್ತಾರೆ, ಪಟದಲ್ಲಿ ಅದನ್ನು ಕಂಡರೆ ವಂಶದಲ್ಲಿ ಇದೆ ಎಂದುಕೊಂಡಾರು ಎಂದರು. "ಕಣ್ಣು ನೆಟ್ಟಗೇ ಇರ್ಲಿ ಮೇಷ್ಟ್ರೆ. ಬದುಕಿದ್ದಾಗ ಆಗ್ನಿಲ್ಲ, ಪಟದಲ್ಲಾದ್ರೂ ಆಗ್ಲಿ."

ಮಗನ ಮಾತಿನಲ್ಲೂ ನ್ಯಾಯವಿತ್ತು. ಪಟ ಹಾಗೇ ಬಿಟ್ಟು, ತಿದ್ದಲೆಂದು ಅಲ್ಲೇ ಇಟ್ಟಿದ್ದ ಬಣ್ಣದ ಪೆಟ್ಟಿಗೆ ಒಯ್ಯೋಣವೆಂದು ಅವರ ಮನೆಗೆ ಹೋದೆ. ಗಂಗಮ್ಮನವರು ಒಬ್ಬರೇ ಕಂಬದ ಪಕ್ಕ ಕೂತು ಸೊಪ್ಪು ಬಿಡಿಸುತ್ತಿದ್ದರು. ನನ್ನ ಅರ್ಧ ಗಡ್ಡವನ್ನೊಮ್ಮೆ ನೋಡಿದರು. ಗೋಡೆಗೆ ಸೇರಿಸಿ ಹಾಕಿದ್ದ ಯಜಮಾನರ ಮಣೆಯ ಕಡೆ ಕೈ ತೋರಿಸಿದರು.

"ಅಲ್ಲಿ ಕೂತ್ಕೊಳಿ."

ಕೂತೆ.

"ಬಾಗ್ಲು ಕಡೆ ನೋಡಿ. ಅಂಗಡಿಗೆ ಹೋಗೋ ಮುಂಚೆ ದಿನಾ ಹಂಗೇ ಕೂರೋರು. ಈಗ ನಾನು ಕಾಣ್ತೀನಾ?"

ಬಾಗಿಲನ್ನೇ ನೋಡುತ್ತ, ಇಲ್ಲ ತಾಯಿ, ಎಡಗಡೆ ಕಂಬದ ನೆರಳಿನ ಹಾಗೆ ಏನೋ ಇದೆ ಅಷ್ಟೆ ಎಂದೆ.

"ಅವರಿಗೆ ಕಾಣ್ತಿದ್ದೆ" ಎಂದರು ಗಂಗಮ್ಮನವರು. ಸೊಪ್ಪಿನ ದಂಟೊಂದನ್ನು ಮುರಿದು ಪಕ್ಕಕ್ಕಿಟ್ಟರು. "ಅತ್ತೆ ಮಾವ, ಮೈದುನರು, ಮನೆ ತುಂಬ ಜನ. ಗಂಡ ಹೆಂಡ್ತೀನ ನೋಡೋ ಹಂಗಿರ್ನಿಲ್ಲ. ಬಾಗ್ಲು ನೋಡ್ತಾವ್ರೆ ಅಂತ ಎಲ್ಲ ಅನ್ಕೊಳೋರು."

ಅವರು ಅಷ್ಟೇ ಹೇಳಿದ್ದು. ಕಣ್ಣು ಎಂಬ ಶಬ್ದ ಅವರ ಬಾಯಲ್ಲೂ ಬರಲಿಲ್ಲ.

ಪಟವನ್ನು ಮನೆಗೆ ಹೊತ್ತು ತಂದೆ. ಎಡಗಣ್ಣನ್ನು ಕೆರೆದು ತೆಗೆದು, ಪಾಪೆಯನ್ನು ಎಳ್ಳು ಕಾಳಿನಷ್ಟು ಕಿವಿಯ ಕಡೆಗೆ ಸರಿಸಿದೆ. ಎಂಟು ತಿಂಗಳಿನಲ್ಲಿ ಆಗದ್ದು ಒಂದು ಎಳ್ಳು ಕಾಳಿನಲ್ಲಿ ಆಯಿತು. ರುಮಾಲಿನ ಕೆಳಗಿಂದ ಯಾರೋ ಬಂದು ಕೂತ ಹಾಗಾಯಿತು. ಉಳಿದಿದ್ದ ಕೆಂಪನ್ನೆಲ್ಲ ಆ ಕಣ್ಣಿನ ಕೊನೆಗೆ ಮುಗಿಸಿದೆ.

ಆರಾಧನೆಯ ದಿನ ಬೆಳಿಗ್ಗೆ ಪಟವನ್ನು ಬಟ್ಟೆ ಮುಚ್ಚಿಯೇ ಒಯ್ದು, ಮಣೆಯ ಮೇಲುಗಡೆ ಮೊಳೆಗೆ ಹಾಕಿದೆ. ಬಟ್ಟೆ ತೆಗೆದಾಗ ಶಿವಲಿಂಗಪ್ಪನವರ ಬಣ್ಣ ನನ್ನ ಸತುವಿನ ಪುಡಿಯ ಬಣ್ಣಕ್ಕೆ ತಿರುಗಿತು. ಇಳಿಸಿ ಎಂದು ಅವರು ಮುಂದೆ ಬರುವಷ್ಟರಲ್ಲಿ ಶಾಂತಿಗ್ರಾಮದ ತಾತ ಕೋಲೂರುತ್ತ ಒಳಗೆ ಬಂದೇಬಿಟ್ಟರು. ಪಟ ನೋಡಿದರು. ಕೈಯಲ್ಲಿದ್ದ ಕೋಲು ನಿಂತಿತು.

"ಅಯ್ಯೋ, ಗುರುಶಾಂತಪ್ಪ" ಎಂದರು. ಬದುಕಿರುವವರನ್ನು ಮಾತಾಡಿಸುವ ದನಿ. ಆಮೇಲೆ ನಮ್ಮ ಕಡೆ ತಿರುಗಿದರು. "ಮಗನ ಮದುವೆ ಜವಳಿಗೆ ಅಂತ ಇವರ ಅಂಗಡಿಗೆ ಬಂದಿದ್ದೆ. ನನ್ನ ನೋಡ್ತಾವ್ರೋ ಪಕ್ಕದೋನ್ನ ನೋಡ್ತಾವ್ರೋ ಗೊತ್ತಾಗ್ದೆ, ಚೌಕಾಸಿ ಮಾಡಕ್ಕೇ ಧೈರ್ಯ ಬರ್ನಿಲ್ಲ ಕಣ್ರಪ್ಪ. ಯೋಳಿದ್ ಕೊಟ್ಬಂದೆ."

ಮೊದಲು ನಕ್ಕದ್ದು ಪೂಜೆಗೆ ಬಂದಿದ್ದ ಐನೋರು. ಆಮೇಲೆ ಇಡೀ ಪಡಸಾಲೆ. ವರ್ಷದಿಂದ ಮರ್ಯಾದೆಯಲ್ಲಿ ಬಿಗಿದುಕೊಂಡಿದ್ದ ಮನೆ ಒಂದೇ ಸಲಕ್ಕೆ ಸಡಿಲವಾಯಿತು. ಅವರವರಿಗೆ ಆ ಕಣ್ಣಿನಿಂದ ಆದ ಫಜೀತಿಗಳನ್ನು ಎಲ್ಲರೂ ಹೇಳತೊಡಗಿದರು. ಶಿವಲಿಂಗಪ್ಪ, ಏಟು ಬೀಳುವುದು ತನಗೋ ತಮ್ಮನಿಗೋ ತಿಳಿಯದೆ ಇಬ್ಬರೂ ಓಡುತ್ತಿದ್ದುದನ್ನು ಹೇಳಿ, ನಗುತ್ತ ನಗುತ್ತ ಅತ್ತುಬಿಟ್ಟರು. ಗಂಗಮ್ಮನವರು ಹೂವು ತಂದು ಪಟಕ್ಕಿಟ್ಟರು. ನಂತರ ತಮ್ಮ ಕಂಬದ ಪಕ್ಕಕ್ಕೆ ಹೋಗಿ ಕೂತು ಮೇಲೆ ನೋಡಿ, ಆ ನೋಟದ ನೇರಕ್ಕೆ ಅರ್ಧ ಗೇಣು ಹಿಂದಕ್ಕೆ ಸರಿದು ಕೂತರು.

ಮದುವೆಯೂ ಆಯಿತು, ಮಗುವೂ ಆಯಿತು, ಮಗುವಿನ ಕಣ್ಣೂ ನೆಟ್ಟಗಿದೆ.

ನಾನು ಪೆನ್ಷನ್ ತೆಗೆದುಕೊಂಡ ಮೇಲೆ ಮೊನ್ನೆ ಹೊಳೆನರಸೀಪುರಕ್ಕೆ ಹೋಗಿದ್ದೆ. ಆ ಮನೆಯ ಸೊಸೆ ಕಂಬದ ಹತ್ತಿರ ಕೂರುವುದಿಲ್ಲವಂತೆ, ಮಾವನವರು ನೋಡುತ್ತಾರೆ ಎಂದು ಅಡುಗೆಮನೆಯಲ್ಲೇ ಸೊಪ್ಪು ಬಿಡಿಸುತ್ತಾಳಂತೆ. ನಾನು ಬರೆದ ಚಿತ್ರಗಳ ಪೈಕಿ ಈಗಲೂ ಡ್ಯೂಟಿ ಮಾಡುತ್ತಿರುವುದು ಅದೊಂದೇ. ಗಂಗಮ್ಮನವರಿಗೆ ಎಪ್ಪತ್ತು ದಾಟಿದೆ, ಕಿವಿ ಮಂದ, ಬಾಯಿ ಚುರುಕು. ಬಣ್ಣದ ಪೆಟ್ಟಿಗೆ ಇನ್ನೂ ಇದೆಯೇ ಎಂದು ಕೇಳಿದರು. ಇದೆ ಎಂದೆ.

"ನನ್ನದೂ ಒಂದು ಬರ್ದ್ಬುಡಿ. ಸತ್ತ ಮೇಲೆ ಬರಿಸಿದ್ರೆ ನೀವು ಕಣ್ಣು ಎಲ್ಲೆಲ್ಲಿಗೋ ಇಡ್ತೀರ. ಈಗ್ಲೇ ನೋಡ್ಕೊಂಡು ಬರೀರಿ."

ಆಯಸ್ಸು ಕಡಿಮೆಯಾದೀತು ಎಂದು ಜನ ಹೇಳುತ್ತಾರಲ್ಲ ತಾಯಿ ಎಂದೆ.

"ಇರೋದನ್ನೇ ಖರ್ಚು ಮಾಡಕ್ಕಾಗ್ತಿಲ್ಲ" ಎಂದರು. ತಮ್ಮ ಪಟವನ್ನು ಯಜಮಾನರ ಎದುರುಗೋಡೆಗೆ ಹಾಕಬೇಕಂತೆ, ಆದರೆ ಮುಖ ಅಡುಗೆಮನೆಯ ಕಡೆ ತಿರುಗಿರಬೇಕಂತೆ. ಐವತ್ತು ವರ್ಷ ನೋಡಿಸಿಕೊಂಡದ್ದು ಸಾಕಂತೆ.

ಮಾರನೆಯ ಬೆಳಿಗ್ಗೆ ಪೆಟ್ಟಿಗೆ ತೆಗೆದುಕೊಂಡು ಹೋಗಿ ಅವರ ಎದುರಿಗೆ ಕೂತೆ. ಕಂಬಕ್ಕೆ ಒರಗಿದರು, ಸೆರಗು ಸರಿಮಾಡಿಕೊಂಡರು, ಎಲೆಯಡಿಕೆ ಹಾಕಿಕೊಂಡರು, ಸೊಸೆಯನ್ನು ಬೈದರು, ಮತ್ತೆ ಒರಗಿದರು. ನಾನು ಮೂಗಿನ ಗೆರೆ ಎಳೆಯುವಷ್ಟರಲ್ಲಿ ಮೂಗು ಬೇರೆ ಕಡೆ ಇರುತ್ತಿತ್ತು. ಹಾಗೇ ಇನ್ನೊಂದು ಗೆರೆ ಎಳೆಯುತ್ತಿದ್ದೆ. ಎಲ್ಲಿಂದಲೋ ಒಂದು ನೊಣ ಬಂದು ಅವರ ಮೂಗಿನ ಮೇಲೆ ಕೂತಿತು. ಅವರೇ ಕೈಯೆತ್ತಿ ಓಡಿಸಿಕೊಂಡರು.